12345ಕ್ಕೆ ಕರೆ ಮಾಡಿದರೆ ಯಾರಿಗೆ ಬಿಸಿ ಮುಟ್ಟುತ್ತದೆ?

ಚೀನಾದ ಸರ್ಕಾರಿ ಕಚೇರಿಗಳು ಇಂಟರ್‌ನೆಟ್ಟನ್ನು ಬಳಸಿಕೊಳ್ಳುವ ಬಗ್ಗೆ ಬಂದ ಓದುಗರ ಪ್ರಶ್ನೆಗಳಿಗೆ ಈ ಬಾರಿಯ ಉತ್ತರ.

ಪ್ರಶ್ನೆ: ಬೀಜಿಂಗ್‌ನಲ್ಲಿ 12345 ಎಂಬ ಒಂದೇ ಸಂಖ್ಯೆಗೆ ಎಲ್ಲ ದೂರೂ ಹೋಗುತ್ತದಂತೆ. ನಿಜವಾಗಿ ಕೆಲಸ ಆಗುತ್ತದೆಯೇ, ಇಲ್ಲ ದೂರು ಕಂಪ್ಯೂಟರಿನಲ್ಲೇ ಕೊಳೆಯುತ್ತದೆಯೇ?

ಈ ಸಂಖ್ಯೆ ಬೀಜಿಂಗ್‌ಗಷ್ಟೇ ಸೇರಿದ್ದಲ್ಲ, ದೇಶದ ಉಳಿದ ನಗರಗಳಲ್ಲೂ ಇದೆ. ಹಾಂಗ್‌ಝೌ 1999ರಲ್ಲೇ ಇದನ್ನು ಮೇಯರ್ ಸಹಾಯವಾಣಿಯಾಗಿ ಶುರು ಮಾಡಿತ್ತು. ಇಲಾಖೆಗೊಂದರಂತೆ ಇದ್ದ ಸಹಾಯವಾಣಿಗಳನ್ನೆಲ್ಲ 12345ಕ್ಕೆ ಸೇರಿಸಿ ಎಂದು ಕೇಂದ್ರ ಸರ್ಕಾರ 2021ರ ಆರಂಭದಲ್ಲಿ ಆದೇಶಿಸಿತು. ಬೀಜಿಂಗ್‌ನ ವಿಶೇಷ ಇರುವುದು ಕರೆ ಮುಗಿದ ಮೇಲೆ ಏನಾಗುತ್ತದೆ ಎಂಬುದರಲ್ಲಿ.

ಚರಂಡಿ ಕಟ್ಟಿದೆ ಎಂದು ನೀವು ಕರೆ ಮಾಡಿದಿರಿ ಎನ್ನಿ. ಸಿಬ್ಬಂದಿ ಅದನ್ನು ಕೆಲಸದ ಚೀಟಿಯಾಗಿ ದಾಖಲಿಸುತ್ತಾರೆ. ಆ ಚೀಟಿ, ಮೇಲಿನ ಅಧಿಕಾರಿಗಳ ಮೇಜು ಸುತ್ತದೆ, ನೇರವಾಗಿ ನಿಮ್ಮ ಬಡಾವಣೆಯ ಕಚೇರಿಗೆ ಹೋಗುತ್ತದೆ. ತುರ್ತು ನೋಡಿಕೊಂಡು 2 ಗಂಟೆ, 24 ಗಂಟೆ, 7 ದಿನ ಅಥವಾ 15 ದಿನದ ಗಡುವು ಬೀಳುತ್ತದೆ. ಗಡುವು ಮುಗಿದ ಮೇಲೆ ಸಹಾಯವಾಣಿಯವರೇ ನಿಮಗೆ ಮತ್ತೆ ಕರೆ ಮಾಡಿ ಮೂರು ಮಾತು ಕೇಳುತ್ತಾರೆ: ನಿಮ್ಮನ್ನು ಯಾರಾದರೂ ಸಂಪರ್ಕಿಸಿದರೇ? ಸಮಸ್ಯೆ ಬಗೆಹರಿಯಿತೇ? ನಿಮಗೆ ತೃಪ್ತಿಯೇ? ನಗರದ 300ಕ್ಕೂ ಹೆಚ್ಚು ಬಡಾವಣೆ ಮತ್ತು ಪಟ್ಟಣ ಕಚೇರಿಗಳಿಗೆ ತಿಂಗಳಿಗೊಮ್ಮೆ ರ‍್ಯಾಂಕ್ ಬರುವುದು ಈ ಮೂರು ಉತ್ತರಗಳಿಂದಲೇ. ಪಟ್ಟಿಯ ಕೊನೆಯಲ್ಲಿ ನಿಂತ ಕಚೇರಿಯ ಮುಖ್ಯಸ್ಥ ಮೇಲಿನವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ವ್ಯವಸ್ಥೆಗೆ ಜೀವ ಬಂದಿರುವುದು ಈ ರ‍್ಯಾಂಕಿನಿಂದ, ಸಾಫ್ಟ್‌ವೇರಿನಿಂದಲ್ಲ.

ಆದರೆ ಬಡಾವಣೆ ಕಚೇರಿಗೆ ಚರಂಡಿ ಅಗೆಯುವ ಅಧಿಕಾರ ಇರುವುದಿಲ್ಲ, ಅದು ನೀರಿನ ಇಲಾಖೆಯದು. ಅದಕ್ಕೇ 2018ರಿಂದ 'ಬಡಾವಣೆ ಸೀಟಿ ಊದಿದರೆ ಇಲಾಖೆ ಹಾಜರಾಗಬೇಕು' ಎಂಬ ಪದ್ಧತಿ ಬಂತು. ಪಿಂಗು ಜಿಲ್ಲೆಯ ಒಂದು ಪಟ್ಟಣದಲ್ಲಿ ಅಕ್ರಮ ಚಿನ್ನದ ಗಣಿಗಾರಿಕೆ ತಡೆಯಲು ಹೋಗಿ ಹುಟ್ಟಿದ ಉಪಾಯ ಅದು. 2021ರ ಸೆಪ್ಟೆಂಬರಿನಲ್ಲಿ ಇಡೀ ದೂರು ಏರ್ಪಾಡಿಗೆ ನಗರ ಒಂದು ಶಾಸನವನ್ನೇ ಮಾಡಿತು. ಮೊದಲು ಚೀಟಿ ಪಡೆದವನೇ ಹೊಣೆಗಾರ, 'ಇದು ನನ್ನದಲ್ಲ' ಎಂದು ದಾಟಿಸುವಂತಿಲ್ಲ ಎಂದು ಅದರಲ್ಲಿದೆ.

ಕೆಡುವುದೂ ಇದೇ ರ‍್ಯಾಂಕಿನಿಂದಲೇ. ಕೆಲಸ ಮಾಡುವುದಕ್ಕಿಂತ 'ತೃಪ್ತಿ ಎಂದುಬಿಡಿ' ಎಂದು ದೂರುದಾರನನ್ನು ಗೋಗರೆಯುವುದು ಅಗ್ಗ. ಈಡೇರಿಸಲಾಗದ ಬೇಡಿಕೆ ಇಟ್ಟು ದಿನಾ ಕರೆ ಮಾಡುವವರಿಂದಲೂ ಕಚೇರಿಯ ಅಂಕ ಇಳಿಯುತ್ತದೆ. ಹಾಗಾಗಿ ಕೆಲವು ಬಗೆಯ ದೂರುಗಳನ್ನು ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಒಂದೇ ದೂರು ಸಾವಿರ ಮನೆಯಿಂದ ಬಂದರೆ ಅದು ಬಡಾವಣೆ ಮಟ್ಟದಲ್ಲಿ ಮುಗಿಯುವ ಮಾತಲ್ಲ. 2021ರಿಂದ ನಗರ ಆಡಳಿತ ತಿಂಗಳಿಗೊಂದು ವಿಷಯವನ್ನು ತಾನೇ ಕೈಗೆತ್ತಿಕೊಳ್ಳುತ್ತಿದೆ. ಮನೆ ಕೊಂಡರೂ ಹಕ್ಕುಪತ್ರ ಸಿಗದವರ ಸಮಸ್ಯೆ ಮೊದಲ ವರ್ಷದ ಪಟ್ಟಿಯಲ್ಲೇ ಇತ್ತು.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಯಾರು ಓಡಾಡಬಹುದು ಎಂದು ಫೋನಿನಲ್ಲಿ ತೋರಿಸುತ್ತಿದ್ದ ಹಸಿರು, ಹಳದಿ, ಕೆಂಪು ಆರೋಗ್ಯ ಕೋಡನ್ನು ಪ್ರತಿಭಟನೆ ತಡೆಯಲು ಬಳಸಿದರು ಎನ್ನುತ್ತಾರೆ. ಇದು ಗಾಳಿಮಾತೇ?

ಗಾಳಿಮಾತಲ್ಲ, ಝೆಂಗ್‌ಝೌ ನಗರದ ಕಮ್ಯುನಿಸ್ಟ್ ಪಕ್ಷದ ಶಿಸ್ತು ಸಮಿತಿಯೇ 2022ರ ಜೂನ್ 22ರಂದು ಅಂಕಿ ಸಮೇತ ಒಪ್ಪಿಕೊಂಡಿತು. ಹೆನಾನ್ ಪ್ರಾಂತ್ಯದ ಕೆಲವು ಗ್ರಾಮೀಣ ಬ್ಯಾಂಕುಗಳಲ್ಲಿ ಏಪ್ರಿಲ್‌ನಿಂದ ಠೇವಣಿ ಸಿಕ್ಕಿಹಾಕಿಕೊಂಡಿತ್ತು. ಹಣ ಕೇಳಲು ಝೆಂಗ್‌ಝೌಗೆ ಬರುತ್ತಿದ್ದವರ ಫೋನಿನಲ್ಲಿ ಕೋಡ್ ಇದ್ದಕ್ಕಿದ್ದಂತೆ ಕೆಂಪಾಯಿತು. ಒಟ್ಟು 1,317 ಮಂದಿ. ಇವರಲ್ಲಿ 446 ಮಂದಿ ನಗರಕ್ಕೆ ಬಂದು ಅಲ್ಲಿ ಅಂಟಿಸಿದ್ದ ಸ್ಥಳದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದವರು. ಉಳಿದ 871 ಮಂದಿ ನಗರಕ್ಕೆ ಕಾಲೇ ಇಟ್ಟಿರಲಿಲ್ಲ. ಬೇರೆಯವರು ಕಳಿಸಿದ ಝೆಂಗ್‌ಝೌ ಕೋಡಿನ ಚಿತ್ರವನ್ನು ತಮ್ಮೂರಲ್ಲೇ ಕುಳಿತು ಸ್ಕ್ಯಾನ್ ಮಾಡಿದ್ದರು, ಅವರಿಗೂ ಕೆಂಪು. ಈ 871 ಎಂಬ ಅಂಕಿಯೇ ಗುಟ್ಟು ಬಿಟ್ಟುಕೊಡುತ್ತದೆ: ಬಣ್ಣ ಬಂದದ್ದು ಸೋಂಕು ನೋಡಿ ಅಲ್ಲ, ಹೆಸರು ನೋಡಿ. ಐವರು ಅಧಿಕಾರಿಗಳಿಗೆ ಶಿಕ್ಷೆಯಾಯಿತು.

ಕೋಡ್ ಹುಟ್ಟಿದಾಗ ಹೀಗಿರಲಿಲ್ಲ. 2020ರ ಫೆಬ್ರುವರಿ 11ರಂದು ಹಾಂಗ್‌ಝೌ ನಗರ ಹಣ ಪಾವತಿಯ ಅಲಿಪೇ ಆ್ಯಪ್‌ನೊಳಗೆ ಅದನ್ನು ಬಿಟ್ಟಾಗ ಲೆಕ್ಕ ಸರಳವಾಗಿತ್ತು: ಕೆಂಪು ಬಂದರೆ 14 ದಿನ, ಹಳದಿ ಬಂದರೆ 7 ದಿನದೊಳಗೆ ಪ್ರತ್ಯೇಕವಾಸ, ದಿನವೂ ಆರೋಗ್ಯ ವರದಿ, ಎಲ್ಲ ಸರಿ ಇದ್ದರೆ ಮತ್ತೆ ಹಸಿರು. ಬಳಿಕ ಒಂದೊಂದು ಊರೂ ತನ್ನದೇ ಕೋಡ್ ಮಾಡಿಕೊಂಡು, ಒಂದೂರಿನ ಹಸಿರನ್ನು ಪಕ್ಕದೂರು ಒಪ್ಪದೆ ಫಜೀತಿಯಾಯಿತು. ಶಿಯಾನ್‌ನಲ್ಲಿ 2021ರ ಡಿಸೆಂಬರ್ 20ರಂದು ಇಡೀ ನಗರಕ್ಕೆ ಪರೀಕ್ಷೆ ನಡೆಯುತ್ತಿದ್ದಾಗ ವ್ಯವಸ್ಥೆ ಕುಸಿದು, ಅಗತ್ಯವಿಲ್ಲದೆ ಕೋಡ್ ತೆರೆಯಬೇಡಿ ಎಂದು ಆಡಳಿತವೇ ಕೇಳಿಕೊಂಡಿತು. ಸುಮಾರು ಎರಡು ವಾರದ ಬಳಿಕ ಮತ್ತೊಮ್ಮೆ ಅದೇ ಕಥೆ. ಯಾರು ಯಾವ ಊರಿಗೆ ಹೋಗಿದ್ದರು ಎಂದು ತೋರಿಸುತ್ತಿದ್ದ, ಮೂರು ಟೆಲಿಕಾಂ ಕಂಪನಿಗಳ ದತ್ತಾಂಶದ ಮೇಲೆ ನಡೆಯುತ್ತಿದ್ದ ಪ್ರಯಾಣ ಕೋಡನ್ನು 2022ರ ಡಿಸೆಂಬರ್ 13ರಂದು ಮುಚ್ಚಿದರು, ಅದರ ದತ್ತಾಂಶ ಅಳಿಸುವುದಾಗಿ ಆ ಕಂಪನಿಗಳು ಹೇಳಿದವು.

ಪ್ರಶ್ನೆ: ಪ್ರತಿಯೊಬ್ಬ ಚೀನೀಯನಿಗೂ ಸರ್ಕಾರ ಒಂದು ಅಂಕ ಕೊಟ್ಟಿದೆಯಂತೆ. ಎಷ್ಟಕ್ಕಿಂತ ಕಡಿಮೆಯಾದರೆ ರೈಲು ಹತ್ತಲು ಬಿಡುವುದಿಲ್ಲ?

ಅಂಥ ಒಂದು ರಾಷ್ಟ್ರೀಯ ಅಂಕವೇ ಇಲ್ಲ. ಮೂರು ಬೇರೆ ಬೇರೆ ಸಂಗತಿಗಳನ್ನು ಕಲಸಿ ಹೇಳುವುದರಿಂದ ಈ ಗೊಂದಲ. 350ರಿಂದ 950ರವರೆಗಿನ ಝೀಮಾ ಅಂಕ ಗ್ರಾಹಕರ ವಿಶ್ವಾಸಾರ್ಹತೆ ಅಳೆಯುವ, ಅಲಿಪೇಯ ಗುಂಪಿನ ಖಾಸಗಿ ಲೆಕ್ಕ. ಶಾಂಡಾಂಗ್ ಪ್ರಾಂತ್ಯದ ರಾಂಗ್‌ಚೆಂಗ್‌ನಂಥ ಕೆಲವು ಊರುಗಳು ತಮ್ಮ ನಿವಾಸಿಗಳಿಗೆ 1000 ಅಂಕದಿಂದ ಶುರುವಾಗುವ ಪಟ್ಟಿ ಮಾಡಿದ್ದವು, ಅದರ ವ್ಯಾಪ್ತಿ ಆ ಊರಿನ ಗಡಿಯೊಳಗಷ್ಟೇ.

ರೈಲು ತಪ್ಪಿಸುವುದು ಮೂರನೆಯದು: ತೀರ್ಪು ಬಂದರೂ, ಕೈಯಲ್ಲಿ ಹಣವಿದ್ದರೂ ಸಾಲ ತೀರಿಸದವರ ಬಗ್ಗೆ ಸುಪ್ರೀಂ ಜನತಾ ನ್ಯಾಯಾಲಯ 2013ರಿಂದ ಪ್ರಕಟಿಸುತ್ತಿರುವ ಪಟ್ಟಿ. ಜನ ಇಂಥವರನ್ನು 'ಲಾವೊಲಾಯ್' ಎನ್ನುತ್ತಾರೆ, ಅಂದರೆ ಪಳಗಿದ ಮೊಂಡ. ಇವರು ಗುರುತಿನ ಸಂಖ್ಯೆ ಹಾಕಿದೊಡನೆ ವಿಮಾನದ ಟಿಕೆಟ್ ಸಿಗುವುದಿಲ್ಲ, 'ಜಿ' ಅಕ್ಷರದ ಅತಿವೇಗದ ರೈಲಿನ ಯಾವ ಸೀಟೂ ಸಿಗುವುದಿಲ್ಲ. ಸಾಮಾನ್ಯ ರೈಲಿನ 'ಗಟ್ಟಿ ಸೀಟು' ಎಂಬ ಅಗ್ಗದ ದರ್ಜೆಗೆ ಅಡ್ಡಿಯಿಲ್ಲ. ಸಾಲ ತೀರಿಸಿದರೆ ನ್ಯಾಯಾಲಯ 3 ಕೆಲಸದ ದಿನಗಳಲ್ಲಿ ಹೆಸರು ತೆಗೆಯಬೇಕು. ತಪ್ಪಾಗಿ ಹೆಸರು ಸೇರಿದ್ದರೆ ಲಿಖಿತ ಅರ್ಜಿ ಕೊಡಬೇಕು, 15 ದಿನದಲ್ಲಿ ಪರಿಶೀಲನೆ ಆಗಬೇಕು. ಒಪ್ಪದಿದ್ದರೆ 10 ದಿನದೊಳಗೆ ಮೇಲಿನ ನ್ಯಾಯಾಲಯಕ್ಕೆ ಹೋಗಬಹುದು. ಸಣ್ಣ ತಪ್ಪಿಗೂ ಊರೂರೂ ಕಪ್ಪುಪಟ್ಟಿ ಮಾಡತೊಡಗಿದಾಗ, ಕಾನೂನಿನ ಆಧಾರವಿಲ್ಲದೆ ಯಾರನ್ನೂ ದಂಡಿಸಬಾರದು ಎಂದು ಕೇಂದ್ರ 2020ರ ಡಿಸೆಂಬರಿನಲ್ಲಿ ಕಡಿವಾಣ ಹಾಕಿತು.

ಪ್ರಶ್ನೆ: ನಿರ್ಬಂಧಿತ ತಾಣ ತೆರೆಯಲು ಹೋದರೆ 'ನಿರ್ಬಂಧಿಸಲಾಗಿದೆ' ಎಂದು ಬರುವುದೇ ಇಲ್ಲವಂತೆ, ಬರೀ ಸಂಪರ್ಕ ದೋಷ ಅನ್ನುತ್ತದಂತೆ. ಯಾಕೆ?

ತಡೆ ಇರುವುದು ತಾಣದಲ್ಲಲ್ಲ, ದಾರಿಯಲ್ಲಿ. ಬ್ರೌಸರ್ ತಾಣದ ವಿಳಾಸ ಕೇಳಿದಾಗ ನಿಜವಾದ ಉತ್ತರಕ್ಕಿಂತ ಮೊದಲೇ ಒಂದು ಸುಳ್ಳು ಉತ್ತರ ತಲುಪುತ್ತದೆ. ಬ್ರೌಸರ್ ಮೊದಲು ಬಂದದ್ದನ್ನು ನಂಬಿ ಎಲ್ಲೋ ಹೋಗಿ ನಿಲ್ಲುತ್ತದೆ. ವಿಳಾಸ ಸರಿಯಾಗಿ ಸಿಕ್ಕರೂ, ಗೂಢಲಿಪಿ ಶುರುವಾಗುವ ಮುನ್ನ ತಾಣದ ಹೆಸರು ಒಮ್ಮೆ ಬಯಲಾಗಿ ಹೋಗುತ್ತದೆ. ಅದನ್ನು ಕಂಡ, ದಾರಿಯಲ್ಲಿ ಕಾವಲಿರುವ ಉಪಕರಣ 'ಸಂಪರ್ಕ ಕಡಿದಿದೆ' ಎಂಬ ಸಂದೇಶವನ್ನು ಎರಡೂ ಕಡೆಗೆ ಕಳಿಸುತ್ತದೆ, ಇಬ್ಬರೂ ಎದುರಿನವರೇ ಕಡಿದರು ಅಂದುಕೊಳ್ಳುತ್ತಾರೆ. ಫೇಸ್‌ಬುಕ್, ಟ್ವಿಟರ್ 2009ರಿಂದ, ವಿಕಿಪೀಡಿಯದ ಎಲ್ಲ ಭಾಷೆಗಳೂ 2019ರ ಏಪ್ರಿಲ್‌ನಿಂದ ಹೀಗೆ ಮುಚ್ಚಿವೆ.

ಪ್ರಶ್ನೆ: ಸರ್ಕಾರದ ಬಳಿ ಇರುವ ದಾಖಲೆಯನ್ನು ಅಲ್ಲಿನ ಜನ ಕೇಳಿ ಪಡೆಯಬಹುದೇ?

ಪಡೆಯಬಹುದು, 2008ರ ಮೇ 1ರಿಂದ ಆ ನಿಯಮ ಇದೆ. ಕಚೇರಿಯ ಜಾಲತಾಣದ ಮಾಹಿತಿ ಪ್ರಕಟಣೆ ವಿಭಾಗದಲ್ಲಿ ಅರ್ಜಿಯ ಕೊಂಡಿ ಇರುತ್ತದೆ. ಹೆಸರು, ಗುರುತಿನ ದಾಖಲೆ, ಸಂಪರ್ಕ, ಬೇಕಾದ ದಾಖಲೆಯ ವಿವರ, ಯಾವ ರೂಪದಲ್ಲಿ ಬೇಕು ಎಂಬುದನ್ನು ತುಂಬಬೇಕು. 2019ರ ತಿದ್ದುಪಡಿಯ ನಂತರ ಉತ್ತರಕ್ಕೆ 20 ಕೆಲಸದ ದಿನ, ಕಾರಣ ತಿಳಿಸಿ ಇನ್ನು 20 ಕೆಲಸದ ದಿನ ಎಳೆಯಬಹುದು. ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಬರವಣಿಗೆಯಲ್ಲಿ. 'ಈ ರಸ್ತೆಯನ್ನು ಯಾಕೆ ಅಗಲ ಮಾಡಿದಿರಿ' ಎಂದು ಕೇಳಿದರೆ ಅದು ವಿಚಾರಣೆ, ದಾಖಲೆಯ ಕೋರಿಕೆ ಅಲ್ಲ ಎಂದು ಮರಳಿಸುತ್ತಾರೆ. 'ಈ ರಸ್ತೆ ಅಗಲೀಕರಣದ ಮಂಜೂರಾತಿ ಪತ್ರದ ಪ್ರತಿ' ಎಂದೇ ಬರೆಯಬೇಕು. ಕಚೇರಿಯ ಒಳಗಿನ ಚರ್ಚೆ, ಕರಡು ಟಿಪ್ಪಣಿ ಕೇಳಿ ಪ್ರಯೋಜನವಿಲ್ಲ, ಅದನ್ನು ಕೊಡದಿರಲು ನಿಯಮದಲ್ಲೇ ಅವಕಾಶವಿದೆ.

ಪ್ರಶ್ನೆ: ಇಷ್ಟೆಲ್ಲ ಆ್ಯಪ್ ಇರುವಾಗ ಅಲ್ಲಿನ ನೌಕರರ ಕೆಲಸ ಹಗುರವಾಗಿರಬೇಕಲ್ಲವೇ?

ಭಾರವೇ ಆಯಿತು. ಒಂದೊಂದು ಇಲಾಖೆಗೂ ಒಂದೊಂದು ಆ್ಯಪ್, ಒಂದೊಂದು ಕೆಲಸಕ್ಕೂ ವಾಟ್ಸ್‌ಆ್ಯಪ್‌ನಂಥ ವಿಚಾಟ್‌ನಲ್ಲಿ ಒಂದೊಂದು ಗುಂಪು. ಕೆಳಹಂತದ ನೌಕರ ಮನೆಮನೆಗೆ ಹೋಗುವುದಕ್ಕಿಂತ ಹೋದದ್ದಕ್ಕೆ ಸಾಕ್ಷಿಯಾಗಿ ಫೋಟೋ ಏರಿಸುವುದರಲ್ಲೇ ದಿನ ಕಳೆಯತೊಡಗಿದ. ಇದಕ್ಕೆ ಚೀನಾದಲ್ಲೇ ಸೊಗಸಾದ ಹೆಸರಿದೆ: 'ಬೆರಳ ತುದಿಯ ತೋರಿಕೆ'. ಇದನ್ನು ತಡೆಯಲೆಂದೇ 2023ರ ಡಿಸೆಂಬರಿನಲ್ಲಿ ಕೇಂದ್ರದಿಂದ ಸುತ್ತೋಲೆ ಬಂತು: ಬಳಕೆ ಇಲ್ಲದ ಆ್ಯಪ್ ಮುಚ್ಚಿ ಅಥವಾ ಬೇರೆಯದರೊಳಗೆ ಸೇರಿಸಿ, ಕೆಲಸ ಮುಗಿದ ಗುಂಪನ್ನು ವಿಸರ್ಜಿಸಿ, ಹಾಜರಿ ಒತ್ತಿದ ಲೆಕ್ಕ ಹಿಡಿದು ಯಾರಿಗೂ ರ‍್ಯಾಂಕ್ ಕೊಡಬೇಡಿ.

ಜಾಲತಾಣಗಳದೂ ಇದೇ ಪಾಡು. ವರ್ಷಗಟ್ಟಲೆ ಏನೂ ಬದಲಾಗದ ಸರ್ಕಾರಿ ತಾಣಗಳನ್ನು ಜನ 'ಶವ ತಾಣ' ಎಂದು ಆಡಿಕೊಳ್ಳುತ್ತಿದ್ದರು. 2015ರಲ್ಲಿ ದೇಶಾದ್ಯಂತ ಗಣತಿ ನಡೆಸಿ ಅನೇಕವನ್ನು ಮುಚ್ಚಿದರು. 2019ರ ತಪಾಸಣೆ ನಿಯಮದಂತೆ ಮುಖಪುಟದಲ್ಲಿ 2 ವಾರ ಹೊಸದೇನೂ ಬರದಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಆ ತಾಣ ಅನುತ್ತೀರ್ಣ. ಹೀಗಾಗಿ ಹದಿಮೂರನೇ ದಿನ ಯಾವುದೋ ಸಭೆಯ ಸುದ್ದಿಯೊಂದು ಮುಖಪುಟ ಸೇರಿದರೆ ಅಚ್ಚರಿಪಡಬೇಕಿಲ್ಲ.