ಬೋಯಿಂಗ್ 787 ವಿಮಾನಕ್ಕೆ ಕರೆಂಟ್ ಎಲ್ಲಿಂದ? ಹಳೆಯ ವಿಮಾನಗಳಿಗಿಂತ ಏನು ಬೇರೆ?

ಹಾರುವಾಗ ಕರೆಂಟ್ ಬರೋದು ಇಂಜಿನ್ ತಿರುಗಿಸುವ ಜನರೇಟರ್‌ಗಳಿಂದ. 787ರಲ್ಲಿ ಒಂದೊಂದು ಇಂಜಿನ್‌ಗೆ 250 ಕೆವಿಎಯ (ಕರೆಂಟ್ ಕೊಡುವ ಸಾಮರ್ಥ್ಯದ ಅಳತೆ) ಎರಡೆರಡು. ಬಾಲದಲ್ಲಿರುವ ಪುಟ್ಟ ಇಂಜಿನ್ ಎಪಿಯುಗೆ 225 ಕೆವಿಎಯ ಇನ್ನೆರಡು. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ 250 ಅಂತ ಬರೆದಿರುತ್ತಲ್ಲ, ಸುಮಾರು ಅಂಥ ಆರು!

ಇಷ್ಟೊಂದು ಯಾಕೆ? ಹಳೆಯ ವಿಮಾನಗಳು ಇಂಜಿನ್ ಒತ್ತಿ ಬಿಸಿ ಮಾಡಿದ ಗಾಳಿಯನ್ನೇ ಕದ್ದು ಕ್ಯಾಬಿನ್‌ಗೆ ಬಿಡುತ್ತವೆ, ರೆಕ್ಕೆಯ ಮಂಜುಗಡ್ಡೆ ಕರಗಿಸಲೂ ಅದೇ. ಆ ಗಾಳಿ ವಿಪರೀತ ಬಿಸಿ, ಮತ್ತೆ ತಣಿಸಬೇಕು. ಸುಟ್ಟ ಇಂಧನದ ಶಕ್ತಿ ಅಲ್ಲೇ ಪೋಲು. 787ರಲ್ಲಿ ಈ ಕೆಲಸ ವಿದ್ಯುತ್ ಕಂಪ್ರೆಸರ್, ಹೀಟರ್‌ಗಳದ್ದು. (ಇಂಜಿನ್ ಮೂತಿಯ ಮಂಜಿಗೆ ಮಾತ್ರ ಇನ್ನೂ ಬಿಸಿಗಾಳಿಯೇ.)

ನಿಂತಾಗ ಬಾಲದಿಂದ ಕೇಳುವ ಕೀರಲು ಸದ್ದು ಎಪಿಯುದು. ಅದೂ ಇಂಧನ ಕುಡಿಯುತ್ತೆ. ನಿಲ್ದಾಣದ ಕರೆಂಟ್ ಕೇಬಲ್ (ವಿಮಾನಗಳು ಬಳಸುವ 400 ಹರ್ಟ್ಜ್‌ನದು) ಸಿಕ್ಕಿಸಿದರೆ ಎಪಿಯು ಆಫ್ ಮಾಡಬಹುದು. ನನ್ನ ಪ್ರಕಾರ ಅತಿ ಸುಲಭದ ಉಳಿತಾಯ ಅದೇ.