ಹೋಟೆಲ್ ಊಟದ ಫೋಟೋ ಚೆನ್ನಾಗಿ ಬರಬೇಕೆಂದರೆ ಯಾವ ಫೋನ್ ತಗೋಬೇಕು?

ವಿಜಯಪುರದಲ್ಲಿದ್ದೀರಿ, ಖಾನಾವಳಿ ಊಟದ ಫೋಟೋ ತೆಗೆಯುತ್ತೀರಿ, ಎಲ್ಲವೂ ಹಳದಿಯಾಗಿ ಮಂಕಾಗಿ ಬರುತ್ತವೆ, 25,000 ರೂಪಾಯಿಯೊಳಗೆ ಒಳ್ಳೆಯ ಕ್ಯಾಮೆರಾದ ಫೋನ್ ಹೇಳಿ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಓಡಾಡಿದವನು. ಅದಕ್ಕೇ ಫೋನಿನ ಹೆಸರು ಹೇಳುವುದಿಲ್ಲ. ಈಗ ಕೈಯಲ್ಲಿರುವುದು ನಾಲ್ಕೈದು ವರ್ಷದೊಳಗಿನ ಫೋನಾದರೆ ಹಗಲಿನ ಫೋಟೋಕ್ಕೆ ಅದೇ ಸಾಕು. ಫೋಟೋ ಕೆಡುತ್ತಿರುವುದು ನೀವು ಕೂರುವ ಟೇಬಲ್‌ನಿಂದ.

ನಮ್ಮ ಕಡೆಯ ಖಾನಾವಳಿ ಹೇಗಿರುತ್ತದೆ ನೆನಪಿಸಿಕೊಳ್ಳಿ. ರಸ್ತೆಗೆ ಒಂದು ಅಗಲವಾದ ಶಟರ್, ಒಳಗೆ ಉದ್ದಕ್ಕೆ ಎರಡು ಸಾಲು ಟೇಬಲ್, ಕೊನೆಯಲ್ಲಿ ಅಡುಗೆಮನೆ. ಅಕ್ಕಪಕ್ಕದ ಗೋಡೆಯ ಆಚೆ ಬೇರೆ ಅಂಗಡಿ, ಹಾಗಾಗಿ ಕಿಟಕಿ ಇಲ್ಲ. ಹೊರಗಿನ ಬೆಳಕು ಬರುವುದು ಬಾಗಿಲಿನಿಂದ ಮಾತ್ರ. ಮೇಲೆ ಹಗಲೂ ರಾತ್ರಿ ಉರಿಯುವ ಟ್ಯೂಬ್‌ಲೈಟ್. ಬಾಗಿಲ ಪಕ್ಕದ ಟೇಬಲ್ ಮೇಲೆ ಬೀಳುವ ಬೆಳಕು ಎರಡನೇ ಟೇಬಲ್‌ಗೆ ಬರುವಷ್ಟರಲ್ಲಿ ಅರ್ಧಕ್ಕೆ ಇಳಿದಿರಬಹುದು, ಮೂರನೆಯದಕ್ಕೆ ಇನ್ನೂ ಕಡಿಮೆ. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ. ಫೋನ್‌ಗೆ ತಿಳಿಯುತ್ತದೆ. ಬೆಳಕು ಸಾಲದಾದಾಗ ಅದು ಐಎಸ್‌ಒ, ಅಂದರೆ ಸಿಕ್ಕ ಬೆಳಕನ್ನು ಹಿಗ್ಗಿಸುವ ಮಟ್ಟ, ಏರಿಸುತ್ತದೆ. ಏರಿಸಿದರೆ ಚಿತ್ರದ ತುಂಬ ಸಣ್ಣ ಚುಕ್ಕಿ ಏಳುತ್ತವೆ. ಆ ಚುಕ್ಕಿ ಅಳಿಸಲು ಸಾಫ್ಟ್‌ವೇರ್ ಇಡೀ ಚಿತ್ರವನ್ನೇ ತಿಕ್ಕುತ್ತದೆ. ಶೇಂಗಾ ಹಿಂಡಿಯ ತರಿ, ರೊಟ್ಟಿಯ ಮೇಲಿನ ಸುಟ್ಟ ಗುರುತು, ಎಣ್ಣೆಗಾಯಿಗೆ ಅಂಟಿಕೊಂಡ ಗುರೆಳ್ಳು ಪುಡಿ, ಎಲ್ಲ ಚುಕ್ಕಿಗಳ ಜೊತೆಗೇ ಅಳಿಸಿಹೋಗುತ್ತವೆ. ಜನ ಇದನ್ನು ನೋಡಿ ಕ್ಯಾಮೆರಾ ಸರಿಯಿಲ್ಲ ಅನ್ನುತ್ತಾರೆ.

ಹಾಗಾಗಿ ಮೊದಲ ಕೆಲಸ ಬಾಗಿಲ ಪಕ್ಕದ ಟೇಬಲ್ ಹಿಡಿಯುವುದು. ಮಧ್ಯಾಹ್ನ 1ರಿಂದ 2 ಗಂಟೆಯ ಗದ್ದಲದಲ್ಲಿ ಅದು ಸಿಗುವುದಿಲ್ಲ. 12ರ ಸುಮಾರಿಗೆ ಹೋಗಿ, ಇಲ್ಲವೇ ಎರಡೂವರೆ ಮೇಲೆ ಹೋಗಿ. ನೇರ ಬಿಸಿಲು ತಾಟಿನ ಮೇಲೆ ಬೀಳುವುದು ಬೇಡ. ವಿಜಯಪುರ, ಬಾಗಲಕೋಟೆಯ ಬಿಸಿಲಿನಲ್ಲಿ ಮೊಸರು ಪೂರ್ತಿ ಬೆಳ್ಳಗಾಗಿ ಬಟ್ಟಲಿನ ನೆರಳು ಪೂರ್ತಿ ಕಪ್ಪಾಗುತ್ತದೆ. ಬಿಸಿಲಿನ ಪಟ್ಟಿ ನೆಲದ ಮೇಲೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಒಂದು ಮೊಳ ಒಳಗೆ ತಾಟು ಇಡಿ. ಉತ್ತರಕ್ಕೆ ಮುಖ ಮಾಡಿದ ಬಾಗಿಲಿಗೆ ವರ್ಷದ ಬಹುಭಾಗ ನೇರ ಬಿಸಿಲು ಬರುವುದಿಲ್ಲ, ಅಂಥ ಖಾನಾವಳಿ ಸಿಕ್ಕರೆ ಬಿಡಬೇಡಿ.

ಈಗ ಮುಖ್ಯ ತಪ್ಪಿಗೆ ಬರುತ್ತೇನೆ. ಇದನ್ನು ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಉಳಿದ ತಪ್ಪುಗಳನ್ನು ಮನೆಗೆ ಬಂದು ಸ್ವಲ್ಪವಾದರೂ ತಿದ್ದಬಹುದು, ಇದನ್ನು ಆಗುವುದಿಲ್ಲ. ಒಂದೇ ತಾಟಿನ ಮೇಲೆ ಎರಡು ಬಣ್ಣದ ಬೆಳಕು ಬೀಳುವುದೇ ಆ ತಪ್ಪು.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಹಗಲಿನ ಬೆಳಕು ಸುಮಾರು 5500, ಮೋಡ ಕವಿದರೆ ಅಥವಾ ನೆರಳಿನಲ್ಲಾದರೆ 6500ರ ಮೇಲೆ. ಫ್ಯಾಮಿಲಿ ರೆಸ್ಟೋರೆಂಟ್‌ಗಳಲ್ಲಿ ಟೇಬಲ್ ಮೇಲೆ ತೂಗುಬಿಡುವ ಹಳದಿ ಬಲ್ಬು 2700ರಿಂದ 3000. ಕಿಟಕಿ ಪಕ್ಕ ಕೂತಿದ್ದೀರಿ, ತಲೆಯ ಮೇಲೆ ಹಳದಿ ಬಲ್ಬು ಉರಿಯುತ್ತಿದೆ ಎಂದುಕೊಳ್ಳಿ. ಫೋನ್ ಒಂದು ಫೋಟೋಕ್ಕೆ ಒಂದೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸುವುದು) ಲೆಕ್ಕ ಹಾಕುವುದು ರೂಢಿ. ಕಿಟಕಿಯ ಬೆಳಕಿಗೆ ಹೊಂದಿಸಿದರೆ ಬಲ್ಬಿನ ಕಡೆಯ ಅನ್ನ ಅರಿಶಿನ ಬಣ್ಣ ಆಗುತ್ತದೆ. ಬಲ್ಬಿಗೆ ಹೊಂದಿಸಿದರೆ ಕಿಟಕಿ ಕಡೆಯ ಅನ್ನ ನೀಲಿ. ನಡುವೆ ನಿಂತರೆ ಎರಡೂ ಕೆಡುತ್ತವೆ. ಎಡಿಟಿಂಗ್‌ನಲ್ಲಿ ಹಳದಿ ತೆಗೆಯಲು ಹೋದಷ್ಟೂ ಇನ್ನೊಂದು ಬದಿ ನೀಲಿಯಾಗುತ್ತ ಹೋಗುತ್ತದೆ. ಬಿಳಿ ಟ್ಯೂಬ್‌ಲೈಟ್ ಆದರೆ ಬಣ್ಣದ ಅಂತರ ಕಡಿಮೆ ಎಂದು ಸಮಾಧಾನ ಪಡಬೇಡಿ. ಹಳೆಯ ಟ್ಯೂಬ್‌ಗಳ ಬೆಳಕಿನಲ್ಲಿ ಹಸಿರು ಹೆಚ್ಚು. ಮೊಸರು, ಹಸಿ ಉಳ್ಳಾಗಡ್ಡಿ, ಬಿಳಿಜೋಳದ ರೊಟ್ಟಿ, ಈ ಮೂರರ ಮೇಲೆ ಆ ಹಸಿರು ಮೊದಲು ಕಾಣುತ್ತದೆ, ಊಟ ಹಳಸಿದಂತೆ ತೋರುತ್ತದೆ.

ಪರೀಕ್ಷೆ ಸುಲಭ. ಟೇಬಲ್ ಮೇಲೆ ಬಿಳಿ ಟಿಶ್ಯೂ ಹಾಸಿ, ಅದರ ಮೇಲೆ ಒಂದು ಬೆರಳು ಎತ್ತಿ ಹಿಡಿಯಿರಿ. ಒಂದೇ ನೆರಳು ಬಿದ್ದರೆ ತೊಂದರೆಯಿಲ್ಲ. ಎರಡು ನೆರಳು ಬಿದ್ದು ಒಂದು ನೀಲಿ, ಒಂದು ಹಳದಿ ಕಂಡರೆ ಅಲ್ಲಿ ಫೋಟೋ ತೆಗೆಯಬೇಡಿ. ಒಂದು ಬೆಳಕನ್ನು ಕಳೆಯಬೇಕು. ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಗಲ್ಲೆಯ ಮೇಲೆ ಕೂತವರನ್ನು ಕೇಳಿ: "ಕಾಕಾ, ಈ ಮ್ಯಾಲಿನ ಲೈಟ್ ಎರಡ ನಿಮಿಷ ಬಂದ್ ಮಾಡಿದ್ರ ನಡಿತೈತೇನ್ರಿ?" ಬಹಳ ಮಂದಿ ಒಪ್ಪುತ್ತಾರೆ. ಒಪ್ಪದಿದ್ದರೆ ಬಲ್ಬಿಗೂ ತಾಟಿಗೂ ನಡುವೆ ಮೆನು ಕಾರ್ಡ್ ಅಡ್ಡ ಹಿಡಿಯಲು ಜೊತೆಗಿದ್ದವರಿಗೆ ಹೇಳಿ. ಅದೂ ಆಗದಿದ್ದರೆ ಬಾಗಿಲಿಗೆ ಇನ್ನೂ ಹತ್ತಿರ ಸರಿಯಿರಿ. ಹೊರಗಿನ ಬೆಳಕು ನಾಲ್ಕೈದು ಪಟ್ಟು ಜೋರಾಯಿತೆಂದರೆ ಬಲ್ಬಿನ ಬಣ್ಣ ಮುಳುಗಿಹೋಗುತ್ತದೆ.

ಈ ವಿಷಯದಲ್ಲಿ ನಿಮ್ಮೂರಿಗೂ ಬೆಳಗಾವಿಗೂ ಫರಕಿದೆ. ವಿಜಯಪುರದಲ್ಲಿ ಹೊರಗಿನ ಬೆಳಕು ಎಷ್ಟು ಜೋರೆಂದರೆ ಬಾಗಿಲ ಬಳಿ ಟ್ಯೂಬ್‌ಲೈಟ್ ಲೆಕ್ಕಕ್ಕೇ ಬರುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಿಟಕಿ ಬೆಳಕು ಮೃದುವಾಗಿ ಚೆಂದ ಇರುತ್ತದೆ, ಆದರೆ ಕಡಿಮೆ. ಒಳಗಿನ ದೀಪ ಮೇಲುಗೈ ಮಾಡುತ್ತದೆ. ಅಲ್ಲಿ ದೀಪ ಆರಿಸದೆ ಗತಿಯಿಲ್ಲ.

ಗಾಡಿ, ಧಾಬಾಗಳ ನೀಲಿ ತಾಡಪತ್ರಿ ಇದೇ ತಪ್ಪಿನ ಇನ್ನೂ ಕೆಟ್ಟ ರೂಪ. ತಾಡಪತ್ರಿ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಕೆಂಪು ಬಹಳ ಕಡಿಮೆ. ಕೆಂಪು ಚಟ್ನಿ ಕಪ್ಪಗೆ ಕಾಣುತ್ತದೆ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಯಾವ ಆ್ಯಪ್ ಕೂಡ ಮರಳಿ ತರುವುದಿಲ್ಲ. ತಾಟು ಎತ್ತಿಕೊಂಡು ತಾಡಪತ್ರಿಯ ಅಂಚಿಗೆ, ಹೊರಗಿನ ಬೆಳಕಿಗೆ ಬನ್ನಿ. ಹಸಿರು ಬಣ್ಣ ಬಳಿದ ಗೋಡೆಗೆ ಒತ್ತಿ ಕೂತರೂ ಇಷ್ಟೇ, ಗೋಡೆಯ ಬಣ್ಣ ತಾಟಿಗೆ ಇಳಿಯುತ್ತದೆ.

ರಾತ್ರಿಗೂ ಇದೇ ನಿಯಮ: ಒಂದೇ ಬೆಳಕು. ಹಳದಿ ಬಲ್ಬಿನ ಕೆಳಗೆ ಎಲ್ಲವೂ ಹಳದಿಯಾಗಿದ್ದರೆ ಅದನ್ನು ಎಡಿಟಿಂಗ್‌ನಲ್ಲಿ ಸುಲಭವಾಗಿ ಸರಿಮಾಡಬಹುದು. ಅದಕ್ಕೆ ಇನ್ನೊಂದು ಫೋನಿನ ಟಾರ್ಚ್ ಸೇರಿಸಿದರೆ ಬೆಳ್ಳನೆಯ ಬೆಳಕು ಬೆರೆತು ಮತ್ತೆ ಅದೇ ಗೋಳು. ಫ್ಲ್ಯಾಶ್ ಅಂತೂ ಹಾಕಲೇಬೇಡಿ. ಲೆನ್ಸ್‌ನ ಪಕ್ಕದಿಂದಲೇ ಹೊರಡುವ ಬೆಳಕು ಊಟದ ಉಬ್ಬು ತಗ್ಗನ್ನೆಲ್ಲ ಸಪಾಟು ಮಾಡಿ, ಎಣ್ಣೆಯ ಮೇಲೆ ಬಿಳಿ ಕಲೆ ಬಿಡುತ್ತದೆ. ದೀಪದ ಕೆಳಗೆ ಫೋಟೋದಲ್ಲಿ ಅಡ್ಡ ಪಟ್ಟೆ ಕಂಡರೆ ಪ್ರೊ ಮೋಡ್‌ನಲ್ಲಿ (ಸೆಟ್ಟಿಂಗ್ ನಾವೇ ಇಡುವ ಮೋಡ್) ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಈ ಎರಡು ವೇಗ ಅದಕ್ಕೆ ತಾಳೆಯಾಗುತ್ತವೆ. 1/50ರಲ್ಲಿ ಕೈ ಅಲುಗದಂತೆ ಎರಡೂ ಮೊಣಕೈ ಟೇಬಲ್ ಮೇಲೆ ಊರಿ.

ಬೆಳಕು ಒಂದೇ ಆಯಿತು. ಅದು ಯಾವ ಕಡೆಯಿಂದ ಬರಬೇಕು? ತಾಟನ್ನು ಗಡಿಯಾರ ಅಂದುಕೊಳ್ಳಿ, ನೀವು 6ರ ಜಾಗದಲ್ಲಿ ಕೂತಿದ್ದೀರಿ. ಬಾಗಿಲು 10ರ ಕಡೆ ಅಥವಾ 2ರ ಕಡೆ ಬರುವಂತೆ ಕುರ್ಚಿ ತಿರುಗಿಸಿ. ಓರೆಯಾಗಿ ಹಿಂದಿನಿಂದ ಬರುವ ಈ ಬೆಳಕಿನಲ್ಲಿ ಎಣ್ಣೆಗಾಯಿಯ ಎಣ್ಣೆ ಮಿಂಚುತ್ತದೆ, ರೊಟ್ಟಿಯ ಗುಳ್ಳೆಗಳಿಗೆ ನೆರಳು ಬಂದು ಅವು ಎದ್ದು ಕಾಣುತ್ತವೆ, ಹಿನ್ನೆಲೆ ಕಪ್ಪಗಿದ್ದರೆ ಹಬೆಯೂ ಕಾಣುತ್ತದೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತರೆ ನಿಮ್ಮ ನೆರಳೇ ತಾಟಿನ ಮೇಲೆ. 10ರಿಂದ ಬೆಳಕು ಬಂದಾಗ 4ರ ಬದಿ ಕಪ್ಪಾಗುತ್ತದೆ. ಅಲ್ಲಿ ಒಂದು ಬಿಳಿ ಹಾಳೆಯನ್ನು, ಫೋಟೋದ ಚೌಕಟ್ಟಿಗೆ ಸಿಗದಂತೆ, ತಾಟಿಗೆ ಆದಷ್ಟು ಹತ್ತಿರ ನೆಟ್ಟಗೆ ನಿಲ್ಲಿಸಿ. ಹಾಳೆ ಬೆಳಕನ್ನು ಮರಳಿಸಿ ಕಪ್ಪನ್ನು ತಿಳಿಯಾಗಿಸುತ್ತದೆ. ಜೇಬಿನಲ್ಲಿ ಮಡಚಿಟ್ಟ ಎ4 ಹಾಳೆ ಸಾಕು.

ಊಟ ಬರುವ ಮೊದಲೇ ಲೆನ್ಸ್ ಒರೆಸಿ. ಹತ್ತಿ ಬಟ್ಟೆ ಬೇಕು, ಟಿಶ್ಯೂ ಬೇಡ. ಬೆರಳಿನ ಎಣ್ಣೆ ಹತ್ತಿದ ಲೆನ್ಸ್‌ನಲ್ಲಿ ಬಾಗಿಲ ಬೆಳಕು ಹರಡಿ ಇಡೀ ಚಿತ್ರ ಹೊಗೆ ಹಿಡಿದಂತಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ (ಚೌಕಟ್ಟು ನೇರ ಇಡಲು ಪರದೆಯ ಮೇಲೆ ಬರುವ ಗೆರೆಗಳು) ಹಾಕಿ. ಫುಡ್ ಮೋಡ್, ಪೋರ್ಟ್ರೇಟ್ ಮೋಡ್ ಎರಡನ್ನೂ ಬಿಡಿ. ಮೊದಲನೆಯದು ಬಣ್ಣ ಏರಿಸಿ ಖಾರದ ಕೆಂಪನ್ನು ಒಂದೇ ಮುದ್ದೆ ಮಾಡುತ್ತದೆ. ಎರಡನೆಯದು ಸ್ಟೀಲ್ ಬಟ್ಟಲಿನ ಅಂಚನ್ನೂ ಕಡಕ್ ರೊಟ್ಟಿಯ ಮೊನೆಯನ್ನೂ ಹಿನ್ನೆಲೆ ಎಂದು ತಿಳಿದು ಮಸುಕು ಮಾಡುತ್ತದೆ.

ತಾಟು ಬಂತು. ಮೊದಲ ಫೋಟೋ ಬಿಸಿ ರೊಟ್ಟಿಯದು, ಅದರ ಉಬ್ಬು ಕೆಲವೇ ಸೆಕೆಂಡಿನಲ್ಲಿ ಕೂತುಬಿಡುತ್ತದೆ. ಆಮೇಲೆ ಪಲ್ಲೆ. ಹಿಂಡಿ, ಮೊಸರು, ಸವತಿಕಾಯಿ, ಗಜ್ಜರಿ ಕಾಯುತ್ತವೆ. 45 ಡಿಗ್ರಿಯಿಂದ ತೆಗೆಯುವಾಗ ಫೋನನ್ನು ಊಟಕ್ಕೆ ಹತ್ತಿರ ಒಯ್ಯಬೇಡಿ. ಮುಖ್ಯ ಲೆನ್ಸ್ ದೊಡ್ಡ ಕ್ಯಾಮೆರಾಗಳ ಲೆಕ್ಕದಲ್ಲಿ ಸುಮಾರು 24ರಿಂದ 26 ಮಿಮೀಗೆ ಸಮ, ಅಗಲ ನೋಟದ್ದು. ಹತ್ತಿರ ಹೋದರೆ ಮುಂದಿನ ಬಟ್ಟಲು ದೊಡ್ಡದಾಗಿ ಹಿಂದಿನದು ಪುಟ್ಟದಾಗುತ್ತದೆ. ಇನ್ನೂ ಹತ್ತಿರ ಹೋದರೆ ಕೆಲವು ಫೋನ್ ತಾನಾಗಿ ಅಲ್ಟ್ರಾವೈಡ್ ಮ್ಯಾಕ್ರೊಗೆ (ಹತ್ತಿರದ ಫೋಟೋಕ್ಕೆ ಬಳಸುವ ಇನ್ನೊಂದು ಲೆನ್ಸ್‌ಗೆ) ಜಿಗಿದು ಚಿತ್ರ ಒರಟಾಗುತ್ತದೆ. ಅರ್ಧ ಮೀಟರ್ ದೂರ ನಿಂತು 2 ಎಕ್ಸ್ ಜೂಮ್ ಒತ್ತಿ.

ಇಡೀ ತಾಟು ಬೇಕಿದ್ದರೆ ಎದ್ದು ನಿಂತು ನೇರ ಮೇಲಿನಿಂದ, 1 ಎಕ್ಸ್‌ನಲ್ಲಿ, 50ರಿಂದ 60 ಸೆಂಟಿಮೀಟರ್ ಎತ್ತರದಲ್ಲಿ ತೆಗೆಯಿರಿ. ಫೋನ್ ಟೇಬಲ್‌ಗೆ ಸಮಾನಾಂತರ ಇರಲಿ. ನೀರಿನ ಗ್ಲಾಸು, ಎತ್ತರದ ಜಗ್ಗು ಆಚೆ ಇಡಿ, ಅಂಚಿನಲ್ಲಿದ್ದರೆ ಹೊರಕ್ಕೆ ವಾಲಿದಂತೆ ಕಾಣುತ್ತವೆ. ಸ್ಟೀಲ್ ತಾಟಿನಲ್ಲಿ ಫ್ಯಾನು, ದೀಪ, ನಿಮ್ಮ ಕೈ ಪ್ರತಿಬಿಂಬಿಸುತ್ತವೆ. ತಾಟಿನ ಖಾಲಿ ಜಾಗಕ್ಕೆ ಒಂದು ರೊಟ್ಟಿ ಸರಿಸಿದರೆ ಅರ್ಧ ಸಮಸ್ಯೆ ಮುಗಿಯಿತು.

ಎಕ್ಸ್‌ಪೋಶರ್ ಅನ್ನು, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಎಂಬುದನ್ನು, ಫೋನಿಗೇ ಬಿಡಬೇಡಿ. ಎದುರಿಗಿರುವುದೆಲ್ಲ ನಡುಬೂದು ಎಂಬ ಲೆಕ್ಕದಲ್ಲಿ ಅದು ಬೆಳಕು ಅಳೆಯುತ್ತದೆ. ಕಪ್ಪು ಗ್ರಾನೈಟ್ ಟೇಬಲ್ ಹೆಚ್ಚು ಕಂಡರೆ ಎಲ್ಲವನ್ನೂ ಬೆಳಗಿಸಿ ರೊಟ್ಟಿಯನ್ನು ಸುಣ್ಣ ಮಾಡುತ್ತದೆ. ಹೊಳೆಯುವ ಸ್ಟೀಲ್ ಹೆಚ್ಚು ಕಂಡರೆ ಪಲ್ಲೆಯನ್ನು ಕತ್ತಲೆಗೆ ತಳ್ಳುತ್ತದೆ. ಎಣ್ಣೆಗಾಯಿಯ ಮೇಲೆ ಬೆರಳು ಒತ್ತಿ ಹಿಡಿಯಿರಿ, ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಮೊಸರಿನ ಕೆನೆಯ ಗೆರೆಗಳು ಕಾಣುವ ತನಕ ಕೆಳಕ್ಕೆ ಎಳೆಯಿರಿ. ತುಸು ಕಪ್ಪಾದ ಪಲ್ಲೆಯನ್ನು ಆಮೇಲೆ ಎತ್ತಬಹುದು, ಬಿಳುಚಿಹೋದ ಮೊಸರನ್ನು ಆಗುವುದಿಲ್ಲ.

ಬೆಳಗಾವಿಯ ಹಾಲಿನ ಸಿಹಿ ಕುಂದಾ ಮಾತ್ರ ಇದಕ್ಕೆ ಉಲ್ಟಾ. ಕಂದು ಬಣ್ಣದ್ದು, ಸಾಮಾನ್ಯವಾಗಿ ಬಿಳಿ ಪೇಪರ್ ಡಬ್ಬಿಯಲ್ಲಿ ಕೊಡುತ್ತಾರೆ. ಬಿಳಿ ನೋಡಿ ಫೋನ್ ಚಿತ್ರವನ್ನು ಕಪ್ಪಾಗಿಸುತ್ತದೆ. ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ, ಚಮಚದಿಂದ ಒಂದು ತುಂಡು ಮುರಿದು ಒಳಗಿನ ಹರಳು ಬೆಳಕಿಗೆ ಬರಲಿ. ಕರದಂಟನ್ನು ಕೊಯ್ದು, ಗೋಡಂಬಿ ಉತ್ತತ್ತಿ ಕಾಣುವ ಮುಖ ಕ್ಯಾಮೆರಾ ಕಡೆ ಇಡಿ. ಮಿರ್ಚಿ ಭಜಿಗೆ ಟೇಬಲ್ ಮಟ್ಟಕ್ಕೆ ಬಗ್ಗಬೇಕು, ಒಂದನ್ನು ಸೀಳಿ ಮುಂದೆ ಇಡಿ. ಗಿರ್ಮಿಟ್‌ಗೆ ಕಾಯುವ ತಾಳ್ಮೆ ಇಲ್ಲ, ಎರಡು ಮೂರು ನಿಮಿಷದಲ್ಲಿ ಚುರಮರಿ ಮೆತ್ತಗಾಗಿ ರಾಶಿ ಕುಸಿಯುತ್ತದೆ.

ಎಡಿಟಿಂಗ್‌ಗೆ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು. ಮೊದಲು ವೈಟ್ ಬ್ಯಾಲೆನ್ಸ್‌ನ ಪಿಕ್ಕರ್ (ಬಿಳಿ ಯಾವುದೆಂದು ತೋರಿಸುವ ಗುರುತು) ಅನ್ನು ಚೌಕಟ್ಟಿನಲ್ಲಿರುವ ಟಿಶ್ಯೂ ಮೇಲೆ ಇಡಿ. ಮೊಸರಿನ ಮೇಲೆ ಬೇಡ, ಕೆನೆ ಮೊಸರು ಹುಟ್ಟಾ ತುಸು ಹಳದಿ. ಆಮೇಲೆ ಹೈಲೈಟ್ಸ್ (ಬೆಳಕಿನ ಭಾಗ) 20ರಷ್ಟು ಇಳಿಸಿ, ಶ್ಯಾಡೋಸ್ (ನೆರಳಿನ ಭಾಗ) 15ರಷ್ಟು ಏರಿಸಿ. ಸ್ಯಾಚುರೇಶನ್ (ಬಣ್ಣದ ಗಾಢತೆ) 10 ದಾಟಬೇಡಿ. ದಾಟಿದರೆ ಮೊದಲು ಕೆಡುವುದು ಕೆಂಪು, ನಮ್ಮ ಊಟದಲ್ಲಿ ಇರುವುದೇ ಕೆಂಪು.

ಇಷ್ಟಾದ ಮೇಲೂ ರಾತ್ರಿ ಊಟವೇ ನಿಮಗೆ ಮುಖ್ಯ, ಅವೇ ಮಸುಕಾಗುತ್ತಿವೆ ಎಂದಾದರೆ ಫೋನ್ ಬದಲಿಸಿ. ಆಗ ಮೆಗಾಪಿಕ್ಸೆಲ್ ನೋಡಬೇಡಿ, ಮುಖ್ಯ ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ದೊಡ್ಡದಿದೆಯೇ, ಒಐಎಸ್ (ಕೈ ಅಲುಗಿದರೂ ಚಿತ್ರ ಮಸುಕಾಗದಂತೆ ತಡೆಯುವ ವ್ಯವಸ್ಥೆ) ಇದೆಯೇ ನೋಡಿ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ ಕ್ಯಾಮೆರಾಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಪಕ್ಕದ ಟೇಬಲ್‌ನಲ್ಲಿ ಉಣ್ಣುತ್ತಿರುವವರ ಮುಖ ಚೌಕಟ್ಟಿಗೆ ಬರದಿರಲಿ. ಬಾದಾಮಿ ಬನಶಂಕರಿಯಲ್ಲಿ ಗುಡಿಯ ಹತ್ತಿರ ಬುಟ್ಟಿ ಹೊತ್ತು ರೊಟ್ಟಿ, ಪಲ್ಲೆ, ಕೆಂಪು ಚಟ್ನಿ, ಮೊಸರು ಮಾರುವ ಹೆಣ್ಣುಮಕ್ಕಳ ಫೋಟೋ ಎಲ್ಲರಿಗೂ ಬೇಕು. ಮೊದಲು ಊಟ ತಗೊಂಡು ದುಡ್ಡು ಕೊಡಿ, ಆಮೇಲೆ "ಅಕ್ಕಾರ, ಬುಟ್ಟಿದ ಒಂದ್ ಫೋಟೋ ತಗೀಲೇನ್ರಿ?" ಎಂದು ಕೇಳಿ. ಬೇಡವೆಂದರೆ ಬುಟ್ಟಿಯನ್ನೂ ತೆಗೆಯಬೇಡಿ. ಅಲ್ಲಿ ಗಿಡದ ಕೆಳಗೆ ಕೂತು ಉಣ್ಣುವಾಗ ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕಿಗಳು ರೊಟ್ಟಿಯ ಮೇಲೆ ಬೀಳುತ್ತವೆ. ಬಿಸಿಲಿನ ಕಡೆ ಒಬ್ಬರನ್ನು ನಿಲ್ಲಿಸಿ, ಅವರ ನೆರಳು ಪೂರ್ತಿ ಊಟವನ್ನು ಮುಚ್ಚಿದ ಮೇಲೆ ಕ್ಲಿಕ್ ಮಾಡಿ. ಅರ್ಧ ಮುಚ್ಚಿದರೆ ಚುಕ್ಕಿ ಉಳಿದೇ ಉಳಿಯುತ್ತವೆ.