ಚಿಕ್ಕ ಊರಿನ ಕ್ಲಿನಿಕ್‌ನಲ್ಲಿದ್ದೇ ರಿಸರ್ಚ್

ಅಮೆರಿಕದಲ್ಲಿ ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ತಜ್ಞ ತರಬೇತಿ) ಮುಗೀತು, ಜೆ-1 ವೇವರ್‌ಗಾಗಿ (ಜೆ-1 ವೀಸಾದವರು ತರಬೇತಿ ಮುಗಿದ ಮೇಲೆ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ) ಇನ್ನು 3 ವರ್ಷ ಚಿಕ್ಕ ಊರಲ್ಲಿ ಮಕ್ಕಳ ಡಾಕ್ಟರ್ ಆಗಿರಬೇಕು, ಹತ್ತಿರದಲ್ಲಿ ಯೂನಿವರ್ಸಿಟಿ ಇಲ್ಲ, ರಿಸರ್ಚ್ ಆಸೆ ಬಿಟ್ಟಹಾಗೇ ಅಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಾನೂ ಅದೇ ದಾರಿಯಲ್ಲಿ ಬಂದವಳು.

ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 1986ರಲ್ಲಿ ಪ್ರಾಸ್ (PROS) ಅನ್ನೋ ಜಾಲ ಕಟ್ಟಿತು. ನಮ್ಮಂಥ ಕ್ಲಿನಿಕ್‌ಗಳೇ ಸೇರಿ ರಿಸರ್ಚ್ ಮಾಡುವ ಜಾಲ ಅದು. ನನ್ನ ಕಣ್ಣು ತೆರೆಸಿದ್ದು ಅವರ ಒಂದು ಅಧ್ಯಯನ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಏನು ಮಾಡಬೇಕು? ರಕ್ತ, ಮೂತ್ರ, ಬೆನ್ನಿನಿಂದ ತೆಗೆದ ನೀರಿನ ಪರೀಕ್ಷೆ, ಅಡ್ಮಿಷನ್ ಅಂತ ಆಗಿನ ಗೈಡ್‌ಲೈನ್‌ಗಳು ಹೇಳುತ್ತಿದ್ದವು. ಆದರೆ ಕ್ಲಿನಿಕ್‌ನಲ್ಲಿ ಡಾಕ್ಟರ್ ಮಗುವನ್ನು ನೋಡಿ, ತಾಯಿಯ ಮಾತು ಕೇಳಿ, ಮರುದಿನ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಿದ್ದರು. ಅದು ತಪ್ಪಾ? ಒಂದು ಕ್ಲಿನಿಕ್‌ಗೆ ಅಂಥ ಕೂಸುಗಳು ಬರೋದೇ ಕಡಿಮೆ, ಒಬ್ಬರೇ ಕೂತು ಉತ್ತರ ಹುಡುಕೋಕೆ ಆಗಲ್ಲ. 219 ಕ್ಲಿನಿಕ್‌ಗಳ 573 ಮಂದಿ ಸೇರಿ 3,066 ಕೂಸುಗಳ ವಿವರ ಕೂಡಿಸಿದರು. 63 ಕೂಸುಗಳಿಗೆ ರಕ್ತದಲ್ಲಿ ಸೋಂಕು ಅಥವಾ ಮೆನಿಂಜೈಟಿಸ್ (ಮೆದುಳಿನ ಪೊರೆಗೆ ತಗಲುವ ಬ್ಯಾಕ್ಟೀರಿಯಾ ಸೋಂಕು) ಇತ್ತು. ಅವರಲ್ಲಿ 61 ಮಕ್ಕಳಿಗೆ ಡಾಕ್ಟರ್‌ಗಳು ಮೊದಲೇ ಆಂಟಿಬಯೋಟಿಕ್ ಶುರು ಮಾಡಿದ್ದರು. ಗೈಡ್‌ಲೈನ್ ಅಕ್ಷರಶಃ ಪಾಲಿಸಿದ್ದರೂ ಫಲಿತಾಂಶ ಇನ್ನೂ ಚೆನ್ನಾಗಿರುತ್ತಿರಲಿಲ್ಲ ಅಂತ 2004ರಲ್ಲಿ ಪ್ರಕಟವಾಯಿತು. ಈ ಮಾತನ್ನು ದೊಡ್ಡ ಆಸ್ಪತ್ರೆಯೊಳಗೆ ಕೂತು ಹೇಳೋಕೆ ಸಾಧ್ಯವೇ ಇರಲಿಲ್ಲ. ಯಾಕಂದ್ರೆ ಮನೆಗೆ ಹೋಗಿ ಹುಷಾರಾದ ಮಗು ಅಲ್ಲಿಗೆ ಬರೋದೇ ಇಲ್ಲ.

ನಿಮ್ಮ ರಾಜ್ಯದ ಅಕಾಡೆಮಿ ಶಾಖೆಯ ಸಭೆಗೆ ಮೊದಲ ವರ್ಷವೇ ಹೋಗಿ. ಊರಲ್ಲಿ ಕನ್ನಡದವರು ಸಿಗದೆ ಒಂಟಿ ಅನ್ನಿಸುವ ಕಾಲದಲ್ಲಿ ನನಗೆ ಗೆಳೆತನ ಸಿಕ್ಕಿದ್ದೂ ಅಲ್ಲೇ. ಶುರುವಿನಲ್ಲೇ ನಿಮ್ಮ ಸ್ವಂತ ಅಧ್ಯಯನ ಬೇಡ. ನಡೀತಿರೋದಕ್ಕೆ ಸೇರಿಕೊಳ್ಳಿ. ಐಆರ್‌ಬಿ (ರಿಸರ್ಚ್‌ನ ನೈತಿಕತೆ ಪರಿಶೀಲಿಸುವ ಸಮಿತಿ) ಒಪ್ಪಿಗೆ ಇಲ್ಲದೆ, ಸುಮ್ನೆ ನೋಡೋಣ ಅಂತ ಮಕ್ಕಳ ಮಾಹಿತಿ ಕೂಡಿಸಬೇಡಿ.

ಇನ್ನೊಂದು. ಯಾವುದೇ ಅಧ್ಯಯನಕ್ಕೆ ಸೇರಲು ಒಪ್ಪಿಕೊಳ್ಳುವ ಮುಂಚೆ ನರ್ಸ್‌ಗಳನ್ನೂ ರಿಸೆಪ್ಷನ್‌ನಲ್ಲಿ ಕೂರುವವರನ್ನೂ ಕೇಳಿ. ನಾನು ಸೇರಿದ ಮೊದಲ ಅಧ್ಯಯನದಲ್ಲಿ ಫಾರ್ಮ್ 4 ಪುಟ ಇತ್ತು. ಫ್ಲೂ ಕಾಲ ಬಂತು, ವೇಟಿಂಗ್ ರೂಮ್ ತುಂಬಿತು, ಫಾರ್ಮ್‌ಗಳು ಡ್ರಾಯರ್‌ನಲ್ಲೇ ಉಳಿದವು. ಮುಂದಿನ ಸಲ ನಮ್ಮ ನರ್ಸ್ ಕೂತು ಅದನ್ನು ಒಂದು ಪುಟಕ್ಕೆ ಇಳಿಸಿಕೊಟ್ಟರು. ಆಮೇಲೆ ಒಂದು ಮಗುವಿನ ವಿವರವೂ ತಪ್ಪಲಿಲ್ಲ.

ಯಾವ ರಾಜ್ಯಕ್ಕೆ ಹೋಗ್ತಿದ್ದೀರಿ ಅಂತ ತಿಳಿಸಿ. ಅಲ್ಲಿ ಈ ಕೆಲಸದಲ್ಲಿರುವವರು ನನಗೆ ಗೊತ್ತಿದ್ದರೆ ಪರಿಚಯ ಮಾಡಿಸ್ತೀನಿ.